ಸಲ್ಗಾಡೊ ಎಸೆದ ಭಾನುವಾರ

ಪೋರ್ಟ್ ಹಾಲಮ್, ಒಹಾಯೊ
ಬುಧವಾರ, ಆಗಸ್ಟ್ 11, 1999

ಪ್ರೀತಿಯ ಕರ್ಟ್,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ನಾನು ಹೆಣೆದು ಕಳಿಸಿದ ಉಣ್ಣೆಯ ಪಟ್ಟಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದೀಯೋ, ಇಲ್ಲ ಯಾವುದೋ ಮೂಲೆಗೆ ಎಸೆದಿದ್ದೀಯೋ? ಹೊಸ ಅಡುಗೆಯವನು ಬಂದಮೇಲೆ ಹಡಗಿನ ಊಟ ಬಾಯಿಗಿಡುವ ಹಾಗಿಲ್ಲ ಅಂತ ಬರೆದಿದ್ದೆ. ಆಸ್ಪತ್ರೆಯಿಂದ ಬಂದು ಕೈ ಕಟ್ಟಿ ಕೂರಲಾರದೆ ಏಲಕ್ಕಿ ಬ್ರೆಡ್ ಮಾಡಿದೆ, ಇದರ ಜೊತೆ ಇಟ್ಟಿದ್ದೇನೆ. ಡೆಟ್ರಾಯಿಟ್ ಹತ್ತಿರ ಅಂಚೆ ದೋಣಿಯವರು ನೀವು ಹಡಗಿನಿಂದ ಹಗ್ಗ ಕಟ್ಟಿ ಇಳಿಬಿಡುವ ಬಕೆಟ್ಟಿಗೆ ಹಾಕುವಾಗ ನೆನೆಯದಿರಲಿ ಅಂತ ಎರಡು ಪ್ಲಾಸ್ಟಿಕ್ ಚೀಲ ಸುತ್ತಿದ್ದೇನೆ. ಒಬ್ಬನೇ ತಿನ್ನು, ಎಲ್ಲರಿಗೂ ಹಂಚಿ ದೊಡ್ಡ ಮನುಷ್ಯನಾಗಬೇಡ.

ಸೋಮವಾರ ಬೆಳಿಗ್ಗೆ ಕಂಪನಿಯ ಆಫೀಸಿನವರು ಹಡಗಿಗೆ ಫೋನು ಜೋಡಿಸಿಕೊಟ್ಟಾಗ ಸಿಕ್ಕಿದ್ದು ಎರಡೇ ನಿಮಿಷ. ನೀನು "ಹೇಗಾಯ್ತಮ್ಮಾ, ಹೇಗಾಯ್ತು" ಅಂತ ಕೇಳುತ್ತಲೇ ಇದ್ದೆ, ನಾನು "ಪಾರ್ಶ್ವವಾಯು, ಪಾರ್ಶ್ವವಾಯು" ಅಂತ ಗಿಳಿಪಾಠ ಒಪ್ಪಿಸುತ್ತಲೇ ಇದ್ದೆ. ಆಗಿನ್ನೂ ನಿಮ್ಮಪ್ಪ ಕಣ್ಣು ಬಿಡುತ್ತಿದ್ದರು. ಅವತ್ತು ಮಧ್ಯಾಹ್ನ ಮಿದುಳಿನಲ್ಲಿ ರಕ್ತಸ್ರಾವ ಆಯಿತು. ಈಗ ಉಸಿರಾಡಿಸುತ್ತಿರುವುದು ಯಂತ್ರ. ಡಾಕ್ಟರಮ್ಮ ಒಳ್ಳೆಯವಳು, ನನ್ನನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದಳು: ಅವರು ಮತ್ತೆ ಎಚ್ಚರವಾಗುವುದಿಲ್ಲ. ಯಂತ್ರ ಇರಬೇಕೋ ತೆಗೆಯಬೇಕೋ ಅಂತ ಶನಿವಾರದೊಳಗೆ ಮನೆಯವರು ಹೇಳಬೇಕಂತೆ, ಕಾಗದಕ್ಕೆ ಸಹಿ ಬೇಕಂತೆ. ಹೆಂಡತಿ ನಾನಿದ್ದೇನಲ್ಲ, ನನ್ನ ಸಹಿಯೇ ಸಾಕಂತೆ. ನೀನು ಹಡಗು ಬಿಟ್ಟು ಓಡಿ ಬರುವುದೇನೂ ಬೇಡ, ಇಲ್ಲಿ ನಾನು ಎಲ್ಲ ನೋಡಿಕೊಳ್ಳುತ್ತೇನೆ. ಹೇಗಾಯಿತು ಅಂತ ಕೇಳಿದೆಯಲ್ಲ, ಅದನ್ನು ಬರೆಯುತ್ತೇನೆ ಕೇಳು.

ಜೂನ್ ತಿಂಗಳಲ್ಲಿ ನಮ್ಮ ಬೇಸ್‌ಬಾಲ್ ತಂಡದವರು ಡನ್ಲೀವಿಯನ್ನು ಕೊಟ್ಟು ಸಲ್ಗಾಡೊನನ್ನು ತಂದರಲ್ಲ, ಅವತ್ತಿನಿಂದ ಈ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಡನ್ಲೀವಿ ನಮ್ಮ ಪಕ್ಕದ ಕೌಂಟಿಯ ಹುಡುಗ. ಅವನು ಶಾಲೆಯ ಮೈದಾನದಲ್ಲಿ ಎಸೆಯುತ್ತಿದ್ದಾಗಲೇ ನಿಮ್ಮಪ್ಪ ಬೇಲಿ ಹಿಡಿದು ನಿಂತು ನೋಡಿ ಬಂದವರು. ಎಡಗೈಯಲ್ಲಿ ಚೆಂಡು ಎಸೆಯುವ ಇಪ್ಪತ್ತೆರಡರ ಪಿಚರ್‌ನನ್ನು ಕೊಟ್ಟು ಮೂವತ್ತಾರರ ಮುದುಕನನ್ನು ತಂದರು ಅಂತ ಪೇಪರಿನಲ್ಲಿ ಓದಿದ ದಿನ ಅವರು ಊಟಕ್ಕೆ ಏಳಲಿಲ್ಲ. "ಹೆಲ್ವಿ, ಇವರ ತಲೆಗೆ ಏನು ಬಡಿದಿದೆ? ಹಸಿ ಕೈ ಕೊಟ್ಟು ಸವೆದ ಕೈ ತಂದಿದಾರೆ. ಆ ಮೊಣಕೈ ಇವತ್ತಲ್ಲ ನಾಳೆ ಕೂರುತ್ತೆ, ಬರೆದಿಟ್ಕೋ" ಅಂದರು. ನಾನು ಬಿಡುತ್ತೇನೆಯೇ? "ಬರೆದಿಟ್ಕೊಂಡೆ, ಅಕ್ಟೋಬರ್‌ನಲ್ಲಿ ಫೈನಲ್ ಗೆದ್ದಮೇಲೆ ಓದಿ ಹೇಳ್ತೀನಿ" ಅಂದೆ. ಬಂದರಿನಲ್ಲಿ ಅವರ ಜೊತೆ ಮೂವತ್ತು ವರ್ಷ ಅದಿರು ಇಳಿಸಿದ ಕ್ಲೈಡ್ ಹುಟ್ಟಿದಾಗಿನಿಂದ ನನ್ನ ಮಾತಿಗೆ ತಲೆದೂಗಿದವನಲ್ಲ, ಇದೊಂದರಲ್ಲಿ ಮಾತ್ರ ನನ್ನ ಪಕ್ಷ ಸೇರಿಬಿಟ್ಟ. ಕ್ಷೌರದಂಗಡಿಯಲ್ಲಿ, ಚರ್ಚಿನ ಕಾಫಿ ಮೇಜಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ, ಎಲ್ಲಿ ಹೋದರೂ ಇದೇ ಜಗಳ. ಪಾದ್ರಿಗಳು ಡನ್ಲೀವಿಯ ಕಡೆ, ಅವರ ಹೆಂಡತಿ ಸಲ್ಗಾಡೊನ ಕಡೆ.

ಹೊಸ ತಂಡಕ್ಕೆ ಹೋದ ಡನ್ಲೀವಿ ಎರಡು ಆಟ ಸೋತಾಗ ನಾನು ಪೇಪರನ್ನು ಮಡಿಸಿ ನಿಮ್ಮಪ್ಪನ ತಟ್ಟೆಯ ಪಕ್ಕ ಇಟ್ಟಿದ್ದೆ. ಸಲ್ಗಾಡೊ ಚೆನ್ನಾಗಿ ಹೊಡೆಸಿಕೊಂಡ ದಿನ ಅವರು ಸಿಳ್ಳೆ ಹಾಕುತ್ತಾ ಪಾತ್ರೆ ತೊಳೆದರು. ಇದೆಲ್ಲ ನಗುನಗುತ್ತಲೇ ನಡೆದಿತ್ತು ಕಣೋ. ಆದರೆ ಜುಲೈ ಕೊನೆಯಲ್ಲಿ ಒಂದು ದಿನ ಅವರು "ಐದು ವರ್ಷ ತಡಿ, ಆ ಹುಡುಗನಂಥ ಪಿಚರ್ ಇಡೀ ದೇಶದಲ್ಲಿ ಇರಲ್ಲ" ಅಂದಾಗ ನನ್ನ ನಾಲಿಗೆ ಜಾರಿತು. "ಐದು ವರ್ಷ ನೀನು ಇರ್ತೀಯಾ ರೈನೋ? ನಂಗೆ ಈ ವರ್ಷ ಬೇಕು" ಅಂದುಬಿಟ್ಟೆ. ಅವರು ಎದ್ದರು. ಹೊರಗೆ ಹೋಗಿ, ಹಿಂದಿನ ದಿನವಷ್ಟೇ ತೊಳೆದಿದ್ದ ಕಾರನ್ನು ಮತ್ತೆ ತೊಳೆದರು. ತಪ್ಪಾಯಿತು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ, ಬದಲಿಗೆ ಅವರಿಗಿಷ್ಟ ಅಂತ ಮೀನಿನ ಸಾರು ಮಾಡಿದೆ.

ಮೊನ್ನೆ ಭಾನುವಾರ ಸಲ್ಗಾಡೊನ ಸರದಿ. ಒಂದೂ ಐದಕ್ಕೆ ಆಟ. ಸೆಕೆ ಅಂತ ಹಿಂದಿನ ವರಾಂಡಕ್ಕೆ ರೇಡಿಯೊ ತಂದಿಟ್ಟುಕೊಂಡೆವು. ಕ್ಲೈಡ್ ಎಂದಿನಂತೆ ಮೆಟ್ಟಿಲ ಮೇಲೆ, ನಮಗೆ ಬೆನ್ನು ಹಾಕಿ, ರೇಡಿಯೊಗೆ ಕಿವಿ ಹಚ್ಚಿ ಕೂತ. ನಿಮ್ಮಪ್ಪ ತಮ್ಮ ಕುರ್ಚಿಯಲ್ಲಿ. ನಾನು ಅವರೆದುರು, ಮಡಿಲಲ್ಲಿ ಆಟದ ಪುಸ್ತಕ ಇಟ್ಟುಕೊಂಡು ಒಂದೊಂದು ಔಟನ್ನೂ ಗುರುತು ಹಾಕುತ್ತಿದ್ದೆ. ಮೊದಲ ಮೂರು ಇನಿಂಗ್ಸ್ ನಿಮ್ಮಪ್ಪನ ಬಾಯಿಗೆ ಬಿಡುವೇ ಇರಲಿಲ್ಲ. "ಅಜ್ಜನ ಚೆಂಡಿಗೆ ಊರುಗೋಲು ಕೊಡಿ ಯಾರಾದ್ರೂ" ಅಂದರು. "ಅದು ಹೋಗಿ ಮುಟ್ಟೋದರೊಳಗೆ ನಾನೊಂದು ನಿದ್ದೆ ತೆಗೀತೀನಿ" ಅಂದರು. ನಾಲ್ಕು ಮುಗಿಯಿತು, ಎದುರಾಳಿಗಳಲ್ಲಿ ಒಬ್ಬನೂ ಹೊಡೆತ ಗಿಟ್ಟಿಸಿರಲಿಲ್ಲ. ಐದು, ಆರು ಮುಗಿಯಿತು, ಆಗಲೂ ಸೊನ್ನೆ. ಅಂಥ ಹೊತ್ತಿನಲ್ಲಿ ನಮ್ಮ ಮನೆಯ ಕಟ್ಟಳೆ ನಿನಗೆ ಹೇಳಬೇಕೇ? ಒಂಬತ್ತು ಇನಿಂಗ್ಸೂ ಒಂದು ಹೊಡೆತ ಕೊಡದೆ ಮುಗಿಸುವ ದಾರಿಯಲ್ಲಿ ಪಿಚರ್ ಇದ್ದಾನೆ ಅಂದರೆ, ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಬಾರದು. ಕೂತವರು ಕೂತಲ್ಲಿಂದ ಏಳಬಾರದು. ಆಡಿದರೆ, ಎದ್ದರೆ, ಮುಂದಿನ ಚೆಂಡಿಗೇ ಕೆಡುತ್ತದೆ. ಒಂಬತ್ತು ವರ್ಷದವನಿದ್ದಾಗ ನೀನು "ಅಪ್ಪಾ, ಇವನು ಒಂದೂ ಹೊಡೆತ ಕೊಟ್ಟೇ ಇಲ್ಲ" ಅಂತ ಕೂಗಿ, ಮರುಚೆಂಡಿಗೇ ಎದುರಾಳಿ ಹೊಡೆದು, ನಿಮ್ಮಪ್ಪ ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದರಲ್ಲ.

ಏಳನೇ ಇನಿಂಗ್ಸಿನಲ್ಲಿ ಕ್ಲೈಡ್ ತಿರುಗಿ ನೋಡದೆಯೇ ಹೆಬ್ಬೆರಳನ್ನು ಹಿಂದಕ್ಕೆ, ನಿಮ್ಮಪ್ಪನ ಕಡೆ ತೋರಿಸಿ ಭುಜ ಕುಲುಕಿಸಿ ನಕ್ಕ. ನೋಡು, ಬೈದೂ ಬೈದೂ ಕೊನೆಗೆ ಇವನೂ ಆ ಮುದುಕನಿಗಾಗಿ ಬಾಯಿಗೆ ಬೀಗ ಹಾಕಿಕೊಂಡ ಅಂತ ಅದರ ಅರ್ಥ. ಹೌದು, ನಿಮ್ಮಪ್ಪ ತುಟಿಪಿಟಕ್ಕೆನ್ನದೆ ಕೂತಿದ್ದರು. ಎಂಟು ಆಯಿತು. ಒಂಬತ್ತನೆಯದರ ಕೊನೆಯ ಚೆಂಡು ಮೇಲಕ್ಕೆ ಹೋಗಿ ಕೈಗೆ ಬಿದ್ದಾಗ ರೇಡಿಯೊದವನ ಕೂಗಿಗೆ ಪಕ್ಕದ ಮನೆಯ ನಾಯಿಯೂ ಬೊಗಳಿತು. ನಾನು, ಅರವತ್ತೆಂಟು ವರ್ಷದ ಹೆಂಗಸು, ಪುಸ್ತಕ ಎಸೆದು ಎದ್ದು ಕುಣಿದೆ. "ಈಗೇನಂತೀಯಾ? ಒಪ್ಕೋ ರೈನೋ, ಈಗಲಾದ್ರೂ ಬಾಯ್ಬಿಟ್ಟು ಒಪ್ಕೋ!" ಅಂತ ಅವರ ಮುಖದ ಮುಂದೆ ಚಪ್ಪಾಳೆ ತಟ್ಟಿದೆ. ಅವರ ಬಾಯಿ ಒಂದು ಕಡೆಗೆ ಇಳಿದಿತ್ತು. ಬಲಗೈ ಕುರ್ಚಿಯ ಪಕ್ಕ ಜೋತುಬಿದ್ದಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಆಂಬುಲೆನ್ಸ್ ಬಂದು, ನಲವತ್ತು ಮೈಲಿ ಆಚೆಯ ದೊಡ್ಡ ಆಸ್ಪತ್ರೆ ಮುಟ್ಟುವಾಗ ಐದು ಗಂಟೆಗೆ ಹತ್ತು ನಿಮಿಷವಿತ್ತು. ಹೊಸ ಔಷಧಿ ಇದೆಯಂತೆ, ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವಂಥದ್ದು. ಶುರುವಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಮನುಷ್ಯ ಎದ್ದು ಓಡಾಡಬಹುದು, ಮೀರಿದರೆ ಕೊಡುವ ಹಾಗಿಲ್ಲ, ಮಿದುಳಲ್ಲಿ ರಕ್ತ ಸುರಿಯುವ ಅಪಾಯ ಜಾಸ್ತಿ. ಡಾಕ್ಟರಮ್ಮ ನನ್ನ ಎರಡೂ ಭುಜ ಹಿಡಿದು "ಅವರು ಸರಿಯಾಗಿದ್ದುದನ್ನು ನೀವು ಕೊನೆಗೆ ನೋಡಿದ್ದು ಯಾವಾಗ? ಯೋಚನೆ ಮಾಡಿ ಹೇಳಿ" ಅಂತ ಎರಡು ಸಲ ಕೇಳಿದಳು. ಎಂಟನೇ ಇನಿಂಗ್ಸಿನಲ್ಲಿ, ಮೂರೂವರೆ ಗಂಟೆಗೆ, ಅಂದೆ. "ಖಂಡಿತಾನಾ?" ಅಂದಳು. ಖಂಡಿತ ಅಂದೆ. ಕ್ಲೈಡ್ ಪಕ್ಕದಲ್ಲೇ ಇದ್ದ, "ಹೌದು ಡಾಕ್ಟ್ರೇ, ಕಟ್ಟಳೆ ಪ್ರಕಾರ ಸುಮ್ನೆ ಕೂತಿದ್ದ ಅಷ್ಟೇ, ಬೇರೇನಿಲ್ಲ" ಅಂತ ದನಿಗೂಡಿಸಿದ. ಐದೂವರೆಗೆ ಔಷಧಿ ಏರಿಸಿದರು. ಮರುದಿನ ರಕ್ತ ಸುರಿದಾಗ ಡಾಕ್ಟರಮ್ಮ, ಎಲ್ಲ ಸರಿಯಾಗಿ ಕೊಟ್ಟರೂ ನೂರಕ್ಕೆ ಆರು ಜನರಿಗೆ ಹೀಗಾಗುತ್ತದೆ, ಯಾರದೂ ತಪ್ಪಲ್ಲ ಅಂದಳು.

ನಿನ್ನೆಯ ಪೇಪರಿನಲ್ಲಿ ಇನ್ನೊಂದು ಸುದ್ದಿ. ಭಾನುವಾರ ನೂರ ನಲವತ್ತೆರಡು ಚೆಂಡು ಎಸೆದು ಸಲ್ಗಾಡೊನ ಮೊಣಕೈ ಹೋಯಿತಂತೆ. ಈ ವರ್ಷ ಇನ್ನು ಎಸೆಯುವುದಿಲ್ಲ, ಬಹುಶಃ ಇನ್ನೆಂದೂ ಇಲ್ಲ. ಕ್ಲೈಡ್ ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನು ಓದಿ "ಒಂದು ಭಾನುವಾರಕ್ಕೋಸ್ಕರ ಆ ಹುಡುಗನ್ನ ಕೊಟ್ಬಿಟ್ರಲ್ಲ, ರೈನೋ ಹೇಳಿದ್ದೇ ಸರಿ" ಅಂತ ಅತ್ತ. ಆರಡಿಯ ಗಂಡಸು, ದಾದಿಯರೆಲ್ಲ ತಿರುಗಿ ನೋಡುತ್ತಿದ್ದರು. ನನಗೆ ಅಳುವೂ ಬರಲಿಲ್ಲ. ಒಳಗೆ ಹೋಗಿ ನಿಮ್ಮಪ್ಪನ ಕಿವಿಯಲ್ಲಿ ಹೇಳಿದೆ, ನೀನೇ ಗೆದ್ದೆ ಅಂತ. ಯಂತ್ರ ತನ್ನ ಪಾಡಿಗೆ ತಾನು ಉಸಿರೆಳೆಯುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಮಂಜಿನಲ್ಲಿ ಡೆಕ್ ಮೇಲೆ ಓಡಾಡುವಾಗ ಹುಷಾರು. ನಿಮ್ಮಪ್ಪನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ, ಅವರ ಕೈಲಿ ಆಗುವಂತಿದ್ದರೆ ಅವರೇ ಬರೆಯುತ್ತಿದ್ದರು.

ನಿನ್ನ ತಾಯಿ,
ಹೆಲ್ವಿ

ಮರೆತ ಮಾತು: ಮರೆತದ್ದಲ್ಲ ಕರ್ಟ್, ಬರೆಯಲಾರದೆ ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಕ್ಲೈಡ್ ಅಂಚೆಗೆ ಒಯ್ಯಲು ಬಾಗಿಲಲ್ಲಿ ಕಾಯುತ್ತಿದ್ದಾನೆ. ನಾನು ನೋಡಿದ್ದು ಒಂಬತ್ತರಲ್ಲಲ್ಲ. ಐದನೇ ಇನಿಂಗ್ಸಿನಲ್ಲಿ, ಎರಡೂ ಕಾಲು ಗಂಟೆಗೆ ನಿಮ್ಮಪ್ಪನ ಕೈಯಿಂದ ಕಾಫಿ ಬಟ್ಟಲು ಜಾರಿ ತೊಡೆಯ ಮೇಲೆ ಚೆಲ್ಲಿತು, ಅವರು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ನೋಡಿ ಬಾಯಿ ತೆರೆದರು, ಏನೋ ತೊದಲಿದರು, ನನ್ನ ಹೆಸರೇ ಇರಬೇಕು. ಏನೋ ಸರಿಯಿಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಎದ್ದರೆ ಆಟ ಕೆಡುತ್ತದೆ, ಗೆದ್ದು ತೋರಿಸಬೇಕು ಅಂತ ನಾನು ತುಟಿಯ ಮೇಲೆ ಬೆರಳಿಟ್ಟು ಶ್ ಅಂದೆ. ಅವರು ಸುಮ್ಮನಾದರು. ಆಮೇಲೆ ನಾಲ್ಕು ಇನಿಂಗ್ಸ್ ನಾನು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. ಆಸ್ಪತ್ರೆಯಲ್ಲಿ ನಾಚಿಕೆಗೆ ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಆ ಔಷಧಿ ಕೊಡುತ್ತಿರಲಿಲ್ಲ, ಕೈ ಸ್ವಾಧೀನ ಇಲ್ಲದಿದ್ದರೂ ಮನುಷ್ಯ ಉಳಿಯುತ್ತಿದ್ದರೋ ಏನೋ. ಇನ್ನು ಆ ಕಾಗದಕ್ಕೂ ನಾನೇ ಸಹಿ ಹಾಕಲಾರೆ. ಮೇಲೆ ಬೇಡ ಅಂತ ಬರೆದದ್ದನ್ನು ಹೊಡೆದುಹಾಕು. ಮೊದಲು ಸಿಕ್ಕ ಬಂದರಿನಲ್ಲಿ ಇಳಿದು ಬಾ, ನೀನು ಬರುವವರೆಗೆ ಯಂತ್ರ ತೆಗೆಯಬೇಡಿ ಅಂತ ಡಾಕ್ಟರಮ್ಮನ ಕಾಲಾದರೂ ಹಿಡಿಯುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಮನೆಗೆ ಬರಬೇಡ, ನೇರವಾಗಿ ಆಸ್ಪತ್ರೆಗೆ ಹೋಗು, ಮೂರನೇ ಮಹಡಿ. ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ.