ಅಂಚಿನಲ್ಲಿ ಅಬ್ಬಾ ಬರೆದದ್ದು

ಆಳಂದ
೧೧ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ಮುಕ್ರಮನಿಗೆ, ಆಪಾಳ ಸಲಾಂ ಮತ್ತು ದುವಾ.

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದಲ್ಲೂ ಚಳಿ ಜೋರಂತೆ. ಸ್ವೆಟರನ್ನು ಪೆಟ್ಟಿಗೆಯಲ್ಲೇ ಇಟ್ಟು ನಡುಗುವವನು ನೀನು, ನನಗೆ ಗೊತ್ತು. ಇಲ್ಲಿ ಎಲ್ಲರೂ ಸುಖ. ಸೊಸೆ ಮಿನಾಜ ದಿನಾ ಸಂಜೆ ಹಸಿ ತೊಗರಿಕಾಯಿ ಕುದಿಸಿ ಕೊಡುತ್ತಾಳೆ. ನನ್ನ ಕಣ್ಣು ಮಾತ್ರ ಹಾಗೇ ಇದೆ. ನೋಟದ ನಡುವೆ ಮಸಿ ಚೆಲ್ಲಿದಂತೆ, ಸುತ್ತಲಿನದಷ್ಟೇ ಕಾಣುತ್ತದೆ. ಅದಕ್ಕೇ ಈ ದಪ್ಪ ಅಕ್ಷರ, ಸೊಟ್ಟ ಸಾಲು. ಮೂವತ್ತೆರಡು ವರ್ಷ ಮಕ್ಕಳ ಕಾಪಿ ತಿದ್ದಿದ ಕನ್ನಡ ಟೀಚರ್ ಬರೆದದ್ದು ಎಂದು ಯಾರಿಗೂ ಹೇಳಬೇಡ.

ನೀನು ಕಳಿಸಿದ ಇ-ರೀಡರ್ ತಲುಪಿ ತಿಂಗಳಾಯಿತು. ಪ್ರೀತಿಯಿಂದ ಕಳಿಸಿದ್ದೀ ಎಂದು ಇಷ್ಟು ದಿನ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ. ಕಣ್ಣು ಪೂರ್ತಿ ಹೋಗುವ ಮೊದಲು ಅಬ್ಬಾನ ಶಬ್ದಕೋಶವನ್ನು ಒಮ್ಮೆ ಕೊನೆತನಕ ಓದಬೇಕೆಂಬ ಒಂದೇ ಆಸೆ ನನ್ನದು. ಉರ್ದು ಶಾಲೆಯಲ್ಲಿ ಕಲಿತ ಬೈಂಡಿಂಗ್ ಅಂಗಡಿಯ ಮನುಷ್ಯ. ರಾಜ್ಯ ಬದಲಾಗಿ, ಕಚೇರಿಯ ಭಾಷೆ ಉರ್ದುವಿನಿಂದ ಕನ್ನಡಕ್ಕೆ ತಿರುಗಿ, ದಫ್ತರಗಳ ಬೆನ್ನ ಮೇಲೆ ಕನ್ನಡದಲ್ಲಿ ಹೆಸರು ಬರೆಯಬೇಕಾಗಿ ಬಂದಾಗ ಆ ಪುಸ್ತಕ ತಂದು, ತಾವೇ ಬೈಂಡು ಕಟ್ಟಿ, ಒಂದೊಂದು ಶಬ್ದ ಕಲಿತಾಗಲೂ ಅದರ ಪಕ್ಕದ ಅಂಚಿನಲ್ಲಿ ಎರಡು ಸಾಲು ಬರೆದಿಟ್ಟರು. ಅರ್ಧ ಕನ್ನಡ, ಅರ್ಧ ಉರ್ದು. 'ಉಸಾಬರಿ'ಯ ಪಕ್ಕದಲ್ಲಿ ಜೇವರ್ಗಿಯ ಗುಮಾಸ್ತ ಬೀರಣ್ಣ ಬೈದದ್ದು: "ನಿನಗ್ಯಾಕ ಬೇಕೋ ಸಾಬಾ ಈ ಊರ ಉಸಾಬರಿ." 'ತವರು' ಶಬ್ದದ ಪಕ್ಕ, ನಾನು ಮದುವೆಯಾಗಿ ಹೊರಟ ದಿನ: "ಹಮೀದಾ ಇಂದು ಅಫಜಲಪುರಕ್ಕೆ ಹೋದಳು. ಮನೆ ಖಾಲಿ." ಆ ಕೈಬರಹ ಓದಬಲ್ಲವರು ಈಗ ನಾವಿಬ್ಬರೇ.

ಭೂತಗನ್ನಡಿಯೂ ಸಾಲದಾದಾಗ ನೀನು ಫೋನಿನಲ್ಲಿ ಏನಂದೆ, ನೆನಪಿದೆಯೇ? "ಪಿಡಿಎಫ್ ಮಾಡಿಸು ಆಪಾ, ಎಷ್ಟ್ ಬೇಕೋ ಅಷ್ಟ್ ದೊಡ್ಡದು ಮಾಡಿ ಓದು." ನಂಬಿದೆ. ಝೆರಾಕ್ಸ್ ಅಂಗಡಿಯ ತೌಸೀಫನ ಹತ್ತಿರ ಒಯ್ದೆ. "ಬೆನ್ನು ಕೊಯ್ದ್ರನಾ ಹಾಳಿ ಮಿಷಿನ್‌ನ್ಯಾಗ ಸರಾಗ ಹೋಗ್ತಾವ್ರಿ ಟೀಚರ್" ಎಂದ. ನಾನು ಹೂಂ ಅಂದೆ. ಬೈಂಡರನ ಮಗಳು, ಹೂಂ ಅಂದೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ಒಂದು ಹುಳವೂ ಮುಟ್ಟದಂತೆ ಅಬ್ಬಾ ಕಾಪಾಡಿದ್ದ ಹೊಲಿಗೆ ಒಂದೇ ಏಟಿಗೆ ಹೋಯಿತು.

ಇಷ್ಟಾಗಿ ಸಿಕ್ಕಿದ್ದೇನು? ಅಂಗೈಯಷ್ಟು ಪರದೆಯಲ್ಲಿ ಇಡೀ ಪುಟ, ಸಾಸಿವೆ ಕಾಳಿನಷ್ಟು ಅಕ್ಷರ. ಅಕ್ಷರ ದೊಡ್ಡದು ಮಾಡುವ ಸೌಕರ್ಯ ಬೇರೆ ಪುಸ್ತಕಗಳಿಗಂತೆ. ಪಿಡಿಎಫ್ ಅಂದರೆ ಪುಟದ ಚಿತ್ರ, ಚಿತ್ರವನ್ನು ಹಿಗ್ಗಿಸಬಹುದು ಅಷ್ಟೇ. ಹಿಗ್ಗಿಸಿದರೆ ಸಾಲಿನ ಅರ್ಧ ಹೊರಗೆ. ಬೆರಳಿನಿಂದ ಎಳೆದರೆ ಪರದೆ ಒಮ್ಮೆ ಕಪ್ಪಾಗಿ, ಯೋಚಿಸಿ, ಉಳಿದರ್ಧ ತೋರಿಸುತ್ತದೆ; ಅಷ್ಟರಲ್ಲಿ ಮೊದಲರ್ಧ ಮರೆತಿರುತ್ತೇನೆ. ಬರಹವಾಗಿ ಬದಲಿಸಲು ಹೋದರೆ ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು. ಕೊನೆಗೆ ಮಿನಾಜ ಏನೋ ಒತ್ತಿ, "ಈಗ ನೋಡ್ರಿ ಅಮ್ಮೀ, ಅಕ್ಷರ ಹೆಂಗ ದೊಡ್ಡವಾದ್ವು!" ಎಂದಳು. ಆಗಿದ್ದವು, ನಿಜ. ಯಂತ್ರ ಪ್ರತಿ ಪುಟದ ಅಂಚನ್ನೂ ಒಂದೇ ಅಳತೆಗೆ ಕತ್ತರಿಸಿ ಅಚ್ಚಿನ ಶಬ್ದಗಳನ್ನು ದೊಡ್ಡದು ಮಾಡಿತ್ತು. ಅಬ್ಬಾ ಇರಲಿಲ್ಲ.

ಡಬ್ಬಿಯ ಮೇಲೆ 'ಪಿಡಿಎಫ್ ಓದುತ್ತದೆ' ಎಂದು ಅಚ್ಚು ಹಾಕಿದವರನ್ನು ಕೇಳುವವರಿಲ್ಲವೇ? ತೆರೆಯುವುದಕ್ಕೂ ಓದಿಸುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಕಣ್ಣು ಸೋತವರಿಗೆ ಯಂತ್ರ ಮಾರುತ್ತಾರೆ. ನಿನ್ನನ್ನೂ ಬೈಯದೆ ಬಿಡುವುದಿಲ್ಲ, ಯಂತ್ರದ ಹುಚ್ಚು ನಿನಗೆ ಹಳೆಯದು. ಸ್ಪೈರಲ್ ಮಿಷಿನ್ ತರೋಣ ಎಂದು ನೀನು ಹಟ ಹಿಡಿದಾಗ ಅಬ್ಬಾ, "ತೂತು ಹೊಡಿಯೋದು ಬೈಂಡಿಂಗ್ ಅಲ್ಲಲೇ, ನನ್ನ ಅಂಗಡಿಯಾಗ ಅದು ನಡಿಯಂಗಿಲ್ಲ" ಎಂದರು. ನೀನು ಪುಸ್ತಕ ಹೊಲಿಯುವ ದಬ್ಬಣ ಎಸೆದು ಸೊಲ್ಲಾಪುರದ ಬಸ್ಸು ಹತ್ತಿದೆ. ಅದಾಗಿ ಇಪ್ಪತ್ತಾರು ವರ್ಷ. ಅಬ್ಬಾ ತೀರಿಕೊಂಡಾಗಲೂ ಮಣ್ಣು ಕೊಟ್ಟು ಸಂಜೆ ಬಸ್ಸಿಗೇ ಹೊರಟೆ.

ಬರೆದದ್ದು ಜಾಸ್ತಿಯಾಯಿತು. ಯಂತ್ರವನ್ನು ನಿನ್ನ ಮೊಮ್ಮಕ್ಕಳಿಗೆ ಕಳಿಸಿಕೊಡುತ್ತೇನೆ, ಕಥೆ ಓದಲಿ. ಎಲ್ಲರಿಗೂ ನನ್ನ ದುವಾ ಹೇಳು. ಅಲ್ಲಾಹ್ ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಆಪಾ,
ಹಮೀದಾಬೇಗಂ

ಮರೆತಿದ್ದೆ: ಕತ್ತರಿಸಿದ ಅಂಚನ್ನು ಮತ್ತೆ ತರಿಸಿ, ಹಿಗ್ಗಿಸಿ, ಎಳೆದೆಳೆದು 'ಮ' ಅಕ್ಷರದವರೆಗೆ ಬಂದೆ. 'ಮುನಿಸು' ಶಬ್ದದ ಪಕ್ಕ ಕನ್ನಡದಲ್ಲಿ "ಮುಕ್ರಮ ಹೋದ. ತಪ್ಪು" ಎಂದಿದೆ. ಯಾರ ತಪ್ಪು ಎಂಬುದು ಮುಂದೆ ಉರ್ದುವಿನಲ್ಲಿದೆ, ಬಹಳ ಸಣ್ಣದಾಗಿ. ಮೂರು ದಿನ ಪ್ರಯತ್ನಿಸಿದೆ, ನನ್ನ ಕಣ್ಣಿಗೆ ಸಿಗಲಿಲ್ಲ. ಬಿಡಿಯಾದ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಆ ಪುಟದ ಫೋಟೋ ಕಳಿಸು ಎನ್ನಬೇಡ, ಕಳಿಸುವುದಿಲ್ಲ. ರಂಜಾನಿಗೆ ಮೊದಲು ಬಂದು ನನಗೆ ಓದಿ ಹೇಳು. ನೀನು ಎಸೆದುಹೋದ ದಬ್ಬಣ ಅಬ್ಬಾನ ಪೆಟ್ಟಿಗೆಯಲ್ಲೇ ಇದೆ.