ಕಟ್ಟಿದ ಕೈಯೇ ಬಿಚ್ಚಬೇಕು

ಕಂಬಂ,
ವಿಜಯ ವರ್ಷ, ಐಪ್ಪಸಿ ತಿಂಗಳು, ಮಂಗಳವಾರ

ಬೆಟ್ಟದ ಮೇಲೆ ಪೆರಿಯಾರ್ ಅಣೆಕಟ್ಟೆಗೆ ಗಾಡಿ ಹೊಡೆಯುತ್ತಿರುವ ನನ್ನ ಮಾಮನಿಗೆ, ನಿಮ್ಮ ಹೆಂಡತಿ ಓಚ್ಚಮ್ಮಾಳ್ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ಎಮ್ಮೆ ಕರು ಹಾಕಿದೆ. ಮಳೆ ಬಿಟ್ಟೂ ಬಿಡದೆ ಹಿಡಿದಿದೆ. ಸಣ್ಣಪುಟ್ಟದಕ್ಕೆಲ್ಲ ಹೇಳಿ ಕಳಿಸಬೇಡ ಎಂದು ಹೊರಡುವಾಗ ಹೇಳಿದ್ದಿರಿ, ಇದು ಸಣ್ಣದಲ್ಲ. ಅಪ್ಪ ಮರಳಿನಲ್ಲಿ ತಿದ್ದಿಸಿದ ಅಕ್ಷರ ಹೀಗೆ ಕೆಲಸಕ್ಕೆ ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ನಮ್ಮ ವೀರಮ್ಮ ಬಿದ್ದಳು. ನಿಮ್ಮ ಮಗಳಲ್ಲವೇ, ನೆಲದ ಮೇಲೆ ಕಾಲು ನಿಲ್ಲುವುದುಂಟೇ? ದೇವರ ದನಗಳ ದೊಡ್ಡಿ, ನಮ್ಮ ತೊಳುವಿನ ಕಲ್ಲುಗೋಡೆ ಹತ್ತಿ, ನಾವು ಸಾಮಿ ಎಂದು ಕೈಮುಗಿಯುವ ಪಟ್ಟದ ಹೋರಿಗೇ ಜೋಳದ ಸೊಪ್ಪು ಕೊಡಲು ಹೋಗಿದ್ದಾಳೆ. ಹೋರಿ ಏನೂ ಮಾಡಲಿಲ್ಲ, ಮಳೆಗೆ ಕಲ್ಲು ಜಾರಿತು. ಬಲಗೈ ಮೊಣಕೈ ಕೆಳಗೆ ಮುರಿಯಿತು.

ಮೂಳೆ ಕಟ್ಟುವ ರಂಗಸಾಮಿಯವರು ಬಂದು ಎಳೆದು ಕೂರಿಸಿದರು. ಮೊಟ್ಟೆ, ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಇಟ್ಟು ಬಿಗಿದರು. ಬಿದ್ದದ್ದು ತೊಳುವಿನಲ್ಲಿ ತಾನೇ, ಅದಕ್ಕೆ ಅತ್ತೆ ಹರಕೆ ಹೊತ್ತು, ದೇವರ ದನ ಕಟ್ಟುವ ಹಗ್ಗದಿಂದಲೇ ಎಳೆ ಬಿಡಿಸಿ ಕಟ್ಟಿಸಿದರು. ಹರಕೆಯ ಕಟ್ಟು ನಮ್ಮವರಲ್ಲಿ ಹೇಗೆಂದು ನಿಮಗೇ ಗೊತ್ತು. ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಹೋರಿಯ ಮುಂದೆ. ಮಾರನೆಯ ದಿನವೇ ರಂಗಸಾಮಿಯವರನ್ನು ನಿಮ್ಮ ಅಣೆಕಟ್ಟೆಯವರು ಕರೆದೊಯ್ದರು, ಅಲ್ಲಿ ಕಲ್ಲು ಉರುಳಿ ಕೂಲಿಯವರ ಕಾಲು ಮುರಿದಿದೆಯಂತೆ.

ಕಟ್ಟಿನೊಳಗೆ ಕೈ ಊದಿದೆ ಮಾಮ. ಪಕ್ಕದ ಮನೆಯ ಕರುಪ್ಪಾಯಿ ನೋಡಿ, "ಏನಡಿ ಓಚ್ಚಾ, ಬೆರಳು ನೇರಳೆ ಹಣ್ಣಾಗೈತೆ, ಮೊದ್ಲು ಬಿಚ್ಚಡಿ" ಎಂದಳು. ಅತ್ತೆ ಅಡ್ಡ ಬಂದು ನಿಂತರು. "ಸಾಮಿ ಕಟ್ಟು ಕಣಮ್ಮಾ, ಕೈ ಇಟ್ಟೀಯೆ!" ಎಂದರು. ಅವರೇನೂ ಕೆಟ್ಟವರಲ್ಲ. ಮೊಮ್ಮಗಳನ್ನು ತೊಡೆಯಿಂದ ಇಳಿಸದೆ ಕೂತಿದ್ದಾರೆ, ಊಟವನ್ನೂ ಬಿಟ್ಟಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಅಳುತ್ತಾ ಕೂತಿದ್ದಾರೆ.

ಉತ್ತಮಪಾಳಯಂನಲ್ಲಿ ಸರ್ಕಾರಿ ವೈದ್ಯರು ಇದ್ದಾರಂತೆ. ಗಾಡಿ ಕೇಳಿದೆ. ಕಟ್ಟು ಬಿಚ್ಚುವುದಕ್ಕೆ ಎಂದು ತಿಳಿದ ಮೇಲೆ ನಮ್ಮವರು ಯಾರೂ ಎತ್ತು ಹೂಡಲಿಲ್ಲ. ಎತ್ತಿಕೊಂಡು ನಡೆಯೋಣ ಎಂದರೆ ಹಳ್ಳ ತುಂಬಿದೆ. ನಿನ್ನೆ ಕಟ್ಟು ಕೊಯ್ದೇಬಿಡೋಣ ಎಂದು ಕುಡುಗೋಲು ಹಿಡಿದು ಮಗುವಿನ ಹತ್ತಿರ ಕೂತೆ. ನಮ್ಮ ಮೊದಲ ಕೂಸು ಜ್ವರದಲ್ಲಿ ಹೋದಾಗ, ಹರಕೆಯ ದಾರ ನಾನು ಬಿಚ್ಚಿದ್ದರಿಂದಲೇ ಹೋಯಿತು ಎಂದು ಊರೆಲ್ಲ ಅಂದಿತು. ನೀವು ಅನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕುಡುಗೋಲು ಸೂರಿಗೆ ಸಿಕ್ಕಿಸಿ ಎದ್ದುಬಂದೆ. ನನಗೆ ಭಯ ಮಾಮ, ಬಿಚ್ಚಿದರೂ ಭಯ, ಬಿಚ್ಚದಿದ್ದರೂ ಭಯ.

ವೀರಮ್ಮ ಹಗಲೆಲ್ಲ ಒಂದೇ ಮಾತು ಹೇಳುತ್ತಾಳೆ. "ಅಮ್ಮಾ, ಕೈಯೊಳಗೆ ಇರುವೆ ಓಡ್ತಾವೆ, ತೆಗಿ." ತೆಗೆಯುತ್ತೇನೆ ಚಿನ್ನಾ ಎಂದು ದಬ್ಬೆಯ ಮೇಲೆ ಊದುತ್ತೇನೆ, ಇನ್ನೇನು ಮಾಡಲಿ?

ಅಣೆಕಟ್ಟೆಗೆ ಸುಣ್ಣ ಒಯ್ಯುವ ಗಾಡಿಯವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಕಂಡ ಕೂಡಲೇ ರಂಗಸಾಮಿಯವರ ಕಾಲು ಹಿಡಿದಾದರೂ ಕರೆದುಕೊಂಡು ಇಳಿಯಿರಿ. ಅವರು ಬರಲಾಗದಿದ್ದರೆ, ತಾಯಿ ಬಿಚ್ಚಬಹುದು ಎಂದು ಒಂದು ಮಾತು ಹೇಳಿಸಿ ಕಳಿಸಿ. ಅದೂ ಆಗದಿದ್ದರೆ, ಬಿಚ್ಚು ಎಂದು ನೀವಾದರೂ ಹೇಳಿ. ನಿಮ್ಮ ಒಂದು ಮಾತಿದ್ದರೆ ನನಗೆ ಧೈರ್ಯ ಬರುತ್ತದೆ.

ದಾರಿ ಕಾಯುತ್ತಿರುವ,
ಓಚ್ಚಮ್ಮಾಳ್

ಬುಧವಾರ ಸೇರಿಸಿದ್ದು: ಮಳೆಗೆ ಸುಣ್ಣದ ಗಾಡಿ ಹೊರಟಿಲ್ಲ, ಕಾಗದ ಇನ್ನೂ ನನ್ನ ಬಳಿಯೇ ಇದೆ. ಇವತ್ತು ಬೆಳಿಗ್ಗೆ ವೀರಮ್ಮ ನಗುತ್ತಾ ಎದ್ದಳು. "ಇರುವೆ ಎಲ್ಲಾ ಮನೆಗೋದ್ವು" ಎಂದಳು. ನೋವೇ ಇಲ್ಲವಂತೆ. ಸಾಮಿ ಕಣ್ಣು ಬಿಟ್ಟಿತು ಎಂದು ಅತ್ತೆ ತೊಳುವಿಗೆ ದೀಪ ಹಚ್ಚಲು ಹೋಗಿದ್ದಾರೆ. ಅವರು ಹೋದ ಮೇಲೆ ಮಗುವಿನ ಬೆರಳನ್ನು ಹಿಂಡಿ ನೋಡಿದೆ, ಉಗುರು ಊರಿಯೇ ಹಿಂಡಿದೆ. ಅವಳು ತಿರುಗಿ ನೋಡಲಿಲ್ಲ, ಬೆಲ್ಲ ತಿನ್ನುತ್ತಲೇ ಇದ್ದಳು.