ಮಣಿಕಟ್ಟಿನ ಮೇಲೆ ನಿನ್ನ ಚೀಟಿ

ಮಗಳೇ ಸಿಗ್ನೆ,

ಇವತ್ತು ನಿನ್ನಪ್ಪ ಹಚ್ಚೆ ಹಾಕಿಸಿಕೊಂಡ. ನಗಬೇಡ.

ಹೋದ ವಾರವೇ ಹೋಗಿದ್ದೆ. ನಮ್ಮ ಎಸ್ಬಿಯರ್ ಬಂದರಿನವರ ಚಾಳಿಯಂತೆ, ಧೈರ್ಯಕ್ಕೆಂದು ಬೆಳಿಗ್ಗೆಯೇ ಒಂದು ಗುಟುಕು ಕಹಿ ಮದ್ಯ ಹಾಕಿದ್ದೆ. ಹಚ್ಚೆಯ ಹುಡುಗಿ ತ್ಯೂರಾ ಮೂಗು ಮುಚ್ಚಿಕೊಂಡಳು.

"ಏನ್ ಯಜಮಾನ್ರೇ, ಕುಡಿದು ಬಂದ್ರೆ ರಕ್ತ ನಿಲ್ಲಲ್ಲ, ಇಷ್ಟು ಸಣ್ಣ ಗೆರೆ ಕೆಟ್ಟೋಗುತ್ತೆ. ಮುಂದಿನ ವಾರ ಬನ್ನಿ. ಹಿಂದಿನ ದಿನದಿಂದ್ಲೇ ಕುಡೀಬೇಡಿ. ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ತಿಂದು ಬನ್ನಿ."

"ಮದುವೆಗೂ ಇಷ್ಟು ತಯಾರಾಗಿರಲಿಲ್ಲ ಕಣಮ್ಮಾ!"

ಇವತ್ತು ಕರಿ ಬ್ರೆಡ್ಡು, ಹೆರಿಂಗ್ ಮೀನು ತಿಂದು ಹೋದೆ. ಕೂದಲೆಳೆಯಂಥ ಸೂಜಿ. ಮೊದಮೊದಲು ಬೆಕ್ಕು ಪರಚಿದಂತಿತ್ತು. ಮೂಳೆಯ ಹತ್ತಿರ ಬಂದಾಗ ಕಾದ ತಂತಿ ಎಳೆದಂತೆ ಉರಿಯಿತು.

"ನೋವಾಗ್ತಿದ್ಯಾ? ನಿಲ್ಲಿಸ್ಲಾ?"

"ಬೇಡ, ಬರಿ."

ಬರೆಸಿದ್ದು ನಿನ್ನ ಅಕ್ಷರವನ್ನೇ. ನೀನು ತೀರಿಹೋಗುವ ಹಿಂದಿನ ದಿನ ನನ್ನ ಬಾಗಿಲಿಗೆ ಅಂಟಿಸಿದ್ದ ಚೀಟಿ: "ಅಪ್ಪಾ, ಫೋನ್ ಮಾಡು." ಅವತ್ತೂ ಒಂದು ಗುಟುಕು ಹಾಕಿ ಮಾಡಿದರಾಯಿತು ಅಂದುಕೊಂಡಿದ್ದೆ.

ಒರೆಸುತ್ತಾ ತ್ಯೂರಾ ಕೇಳಿದಳು, "ಮತ್ತೆ, ಮಾಡಿದ್ರಾ?"

ಎಲ್ಲದಕ್ಕೂ ನನ್ನ ಬಳಿ ಒಂದು ಜೋಕು ಇರುತ್ತಿತ್ತಲ್ಲ. ಅವಳ ಆ ಪ್ರಶ್ನೆಗೊಂದನ್ನು ಈಗಲೂ ಹುಡುಕುತ್ತಿದ್ದೇನೆ, ಮಗಳೇ.

ನಿನ್ನಪ್ಪ